ಗಾಬ್ಲಿನ್ ಮರಿಗಳನ್ನು ಏನು ಮಾಡೋಣ?

ಗುಹೆಯ ಕೊನೆಯ ಕೋಣೆ. ದೊಡ್ಡ ಗಾಬ್ಲಿನ್‌ಗಳಲ್ಲಿ ಕೆಲವು ಸತ್ತಿದ್ದವು, ಉಳಿದವು ಓಡಿಹೋಗಿದ್ದವು. ಮೂಲೆಯಲ್ಲಿ ಒಣಹುಲ್ಲಿನ ರಾಶಿ. ಅದರ ಹಿಂದೆ ಏಳೆಂಟು ಮರಿ ಗಾಬ್ಲಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. "ಈಗ ಏನು ಮಾಡ್ತೀರಿ?" ಅಂತ ಕೇಳಿದೆ.

ಬಸವನಗುಡಿಯ ಗೆಳೆಯನ ಮನೆ, ಭಾನುವಾರ ಮಧ್ಯಾಹ್ನ. ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಲ್ಲೇ ಕಥೆ ಕಟ್ಟುವ ಆಟ. ಗಾಬ್ಲಿನ್ ಅಂದರೆ ಅದರಲ್ಲಿ ಬರುವ ಕುಳ್ಳ ರಾಕ್ಷಸ ಜಾತಿ. ನಾನು ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವನು. ಎದುರಿಗೆ ಐದು ಜನ. ನಡುವೆ ಒಗ್ಗರಣೆ ಮಂಡಕ್ಕಿಯ ಪಾತ್ರೆ, ಚೂಪು ಹೋದ ಪೆನ್ಸಿಲ್‌ಗಳು, ಇಪ್ಪತ್ತು ಮುಖದ ದಾಳಗಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಕೈಯಲ್ಲಿ ಉಜ್ಜುತ್ತಿದ್ದ ದಾಳವನ್ನು ಮೆಲ್ಲಗೆ ಕೆಳಗಿಟ್ಟಳು. "ಕತ್ತಿ ಒಳಗೆ ಹಾಕ್ತೀನಿ. ಅವು ಏನು ತಿಂತಾವೆ ಅಂತ ಕೇಳ್ತೀನಿ" ಅಂದಳು.

ಅಲ್ಲಿಂದ ಶುರುವಾದ ಚರ್ಚೆ ಕತ್ತಲಾಗುವವರೆಗೂ ನಡೆಯಿತು. ಬಿಟ್ಟರೆ ನಾಳೆ ಬೆಳೆದು ಊರಿಗೆ ಬೆಂಕಿ ಇಡುತ್ತವೆ ಅಂದ ಒಬ್ಬ. ಅವರಪ್ಪನನ್ನು ಕೊಂದವರು ನಾವು, ಬೆಂಕಿ ಇಡದೆ ಇನ್ನೇನು ಮಾಡ್ತಾವೆ ಅಂದ ಇನ್ನೊಬ್ಬ. ಆಮೇಲೆ ಅಂದು ಒಂದು ಯುದ್ಧವೂ ಆಗಲಿಲ್ಲ. ನಾನು ನಡೆಸಿದ ಆಟಗಳಲ್ಲಿ ನನಗೆ ಅತಿ ಹೆಚ್ಚು ನೆನಪಿರುವುದು ಆ ದಿನವೇ.

ಆ ಗುಹೆಯನ್ನು ನಾನು ಕಟ್ಟಿದ್ದಲ್ಲ. ಅದನ್ನು ಬರೆದವರು ಗ್ಯಾರಿ ಗೈಗ್ಯಾಕ್ಸ್, ಈ ಆಟವನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು. 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಅಂತ ಹೊಸಬರಿಗಾಗಿ ಅವರು ಮಾಡಿದ ಒಂದು ಸಣ್ಣ ಪುಸ್ತಕ. ಬೆಟ್ಟದ ಕಣಿವೆಯೊಂದರಲ್ಲಿ ಸಾಲು ಸಾಲು ಗುಹೆಗಳು, ಒಂದೊಂದರಲ್ಲೂ ಒಂದೊಂದು ಜಾತಿಯ ಜೀವಿಗಳು. ಎಷ್ಟು ಗಂಡಸರು, ಅವರ ಕೈಯಲ್ಲಿ ಯಾವ ಆಯುಧ ಅಂತ ಬರೆದ ಹಾಗೆಯೇ ಎಷ್ಟು ಹೆಂಗಸರು, ಎಷ್ಟು ಮರಿಗಳು ಅಂತಲೂ ಗೈಗ್ಯಾಕ್ಸ್ ಬರೆದಿದ್ದಾರೆ. ಆ ಮರಿಗಳನ್ನು ಏನು ಮಾಡಬೇಕು ಅಂತ ಮಾತ್ರ ಬರೆದಿಲ್ಲ. ಜಾಗ ಖಾಲಿ ಬಿಟ್ಟಿದ್ದಾರೆ.

ಈ ಖಾಲಿ ಜಾಗದ ಬಗ್ಗೆ ನನಗೆ ಬರೆಯಬೇಕು ಅನ್ನಿಸಿ ಎಷ್ಟೋ ವರ್ಷವಾಯಿತು.

ಗೈಗ್ಯಾಕ್ಸ್ ತೀರಿಕೊಂಡದ್ದು 2008ರ ಮಾರ್ಚ್ 4ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಪುಟ್ಟ ಊರಿನಲ್ಲಿ. 69 ವರ್ಷ. ನಾನಾಗ ಮಂಗಳೂರು ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿದ್ದೆ. ಸೀನಿಯರ್ ಒಬ್ಬ ಬಿಟ್ಟುಹೋದ ಜೆರಾಕ್ಸ್ ಪುಟಗಳಿಂದ ನಾಲ್ಕು ಜನ ಡಂಜನ್ಸ್ ಅಂಡ್ ಡ್ರಾಗನ್ಸ್ ಕಲಿತಿದ್ದೆವು. ದಾಳ ಸಿಗದೆ ಚೀಟಿಯಲ್ಲಿ ಒಂದರಿಂದ ಇಪ್ಪತ್ತು ಬರೆದು ಸ್ಟೀಲ್ ಲೋಟದಲ್ಲಿ ಕುಲುಕಿ ಎತ್ತುತ್ತಿದ್ದೆವು. ಸುದ್ದಿ ಬಂದ ರಾತ್ರಿ ನಾವು ನಾಲ್ವರೂ ಒಂದೇ ರೂಮಿನಲ್ಲಿ ಸೇರಿದೆವು. ಯಾವತ್ತೂ ನೋಡದ, ಮಾತಾಡಿಸದ ಮನುಷ್ಯ. ಆದರೂ ಮನೆಯ ಹಿರಿಯರೊಬ್ಬರು ಹೋದ ಹಾಗಿತ್ತು.

ವಾರ ತುಂಬುವ ಮೊದಲೇ 'ಸ್ಲೇಟ್' ಪತ್ರಿಕೆಯಲ್ಲಿ ಎರಿಕ್ ಸೋಫ್ಜ್ ಬರೆದ ಲೇಖನ ಬಂತು. ತಲೆಬರಹವೇ 'ಓರ್ಕ್ ಹೋಲೋಕಾಸ್ಟ್', ಅಂದರೆ ಓರ್ಕ್‌ಗಳ ನರಮೇಧ. ಓರ್ಕ್ ಅನ್ನುವುದು ಗಾಬ್ಲಿನ್ ಥರದ್ದೇ ಆಟದ ಇನ್ನೊಂದು ರಾಕ್ಷಸ ಜಾತಿ. ಎಲ್ಲರೂ ಗೈಗ್ಯಾಕ್ಸ್‌ರನ್ನು ಹೊಗಳುತ್ತಿದ್ದಾರೆ, ಆದರೆ ಅವರು ಕಟ್ಟಿದ ಆಟದ ನೀತಿಯೇ ಕೆಟ್ಟದ್ದು ಅನ್ನುವುದು ಅದರ ತಿರುಳು. ರಾಕ್ಷಸರ ಮನೆಗೆ ನುಗ್ಗು, ಕೊಲ್ಲು, ಪಾಯಿಂಟ್ ಗಳಿಸು, ಇನ್ನೂ ದೊಡ್ಡ ರಾಕ್ಷಸನನ್ನು ಕೊಲ್ಲಲು ಹೋಗು. ಇದರಲ್ಲಿ ಕಥೆ ಎಲ್ಲಿದೆ ಅಂತ ಅವರ ಪ್ರಶ್ನೆ.

ಆಟಗಾರರು ಸಿಡಿದೆದ್ದರು. ಚಿತೆ ಆರುವ ಮೊದಲೇ ಕಲ್ಲು ಹೊಡೀತಾರಲ್ಲ ಅಂತ ನಮ್ಮ ರೂಮಿನಲ್ಲೂ ಕೂಗಾಟ. ನಾನೂ ಅಂದು ರಾತ್ರಿ ಕೂತು ಮೂರು ಪುಟದ ಉತ್ತರ ಬರೆದೆ. ಅದನ್ನು ಎಲ್ಲಿಗೂ ಕಳಿಸಲಿಲ್ಲ. ಆ ಹಾಳೆಗಳು ಇವತ್ತಿಗೂ ನನ್ನ ಹತ್ತಿರ ಇವೆ. ಈಚೆಗೆ ತೆಗೆದು ಓದಿದೆ. ಅರ್ಧ ಸರಿ ಬರೆದಿದ್ದೆ. ಇನ್ನರ್ಧ ಬರೀ ನೋವು.

ಸರಿ ಇದ್ದ ಅರ್ಧ ಹೀಗಿದೆ. ಗೈಗ್ಯಾಕ್ಸ್ ಬರೆದ ನಿಯಮಗಳಲ್ಲಿ, ಪಾತ್ರವನ್ನು ಮೇಲಿನ ಹಂತಕ್ಕೆ ಏರಿಸುವ ಪಾಯಿಂಟ್ ಬರುತ್ತಿದ್ದದ್ದು ಮುಖ್ಯವಾಗಿ ಕೊಲ್ಲುವುದರಿಂದ ಅಲ್ಲ, ನಿಧಿಯಿಂದ. ಒಂದು ಚಿನ್ನದ ನಾಣ್ಯವನ್ನು ಗುಹೆಯಿಂದ ಹೊರಗೆ ತಂದರೆ ಒಂದು ಪಾಯಿಂಟ್. 1974ರ ಮೊದಲ ಪುಸ್ತಕದಲ್ಲಿ ಶತ್ರುವನ್ನು ಸೋಲಿಸಿದರೆ ಆ ಶತ್ರುವಿನ ಒಂದೊಂದು ಹಂತಕ್ಕೂ 100 ಪಾಯಿಂಟ್ ಇತ್ತು, ನಿಜ. ಮರುವರ್ಷ ಬಂದ 'ಗ್ರೇಹಾಕ್' ಪುರವಣಿಯಲ್ಲಿ ಅದು ಅತಿಯಾಯಿತು ಅಂತ ಗೈಗ್ಯಾಕ್ಸ್ ಅವರೇ ಇಳಿಸಿದರು. ಆಮೇಲೆ ಒಂದು ಓರ್ಕ್‌ಗೆ ಬರೀ 10. ಒಬ್ಬ ಸೈನಿಕ ಎರಡನೇ ಹಂತಕ್ಕೆ ಏರಲು 2000 ಬೇಕು. ಕೊಂದೇ ಏರುತ್ತೇನೆ ಅಂದರೆ 200 ಓರ್ಕ್‌ಗಳನ್ನು ಕೊಲ್ಲಬೇಕು, ಅದೂ ಮೊದಲ ಹಂತದ ಬಡಕಲು ದೇಹದಲ್ಲಿ. ಎರಡು ಏಟು ಬಿದ್ದರೆ ಸತ್ತೇಹೋಗುವ ದೇಹ ಅದು.

ಹಾಗಾಗಿ ಹಳೇ ಆಟದಲ್ಲಿ ಬುದ್ಧಿ ಇದ್ದವರು ಕತ್ತಿ ಎತ್ತುತ್ತಿರಲಿಲ್ಲ. ಲಂಚ ಕೊಡುತ್ತಿದ್ದರು. ಸುಳ್ಳು ಹೇಳುತ್ತಿದ್ದರು. ಓರ್ಕ್‌ಗಳಿಗೂ ಗಾಬ್ಲಿನ್‌ಗಳಿಗೂ ಜಗಳ ತಂದಿಟ್ಟು ಹಿಂಬಾಗಿಲಿನಿಂದ ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದರು. ಎದುರಿಗೆ ಬಂದ ಜೀವಿ ನಮ್ಮನ್ನು ನೋಡಿ ಏನು ಮಾಡುತ್ತೆ ಅನ್ನುವುದಕ್ಕೂ ದಾಳ ಹಾಕುವ ಪದ್ಧತಿ ಇತ್ತು. ಎರಡು ದಾಳ ಉರುಳಿಸಿ ದೊಡ್ಡ ಸಂಖ್ಯೆ ಬಿದ್ದರೆ ಅದು ಮಾತಿಗೆ ನಿಲ್ಲುತ್ತಿತ್ತು. ಸೋಫ್ಜ್ ಹೇಳಿದ ದೂರು 2000ದಲ್ಲಿ ಬಂದ ಮೂರನೇ ಆವೃತ್ತಿಗೆ ಹೆಚ್ಚು ಹೊಂದುತ್ತದೆ. ಅಷ್ಟು ಹೊತ್ತಿಗೆ ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದು ಹತ್ತು ವರ್ಷಕ್ಕೂ ಜಾಸ್ತಿಯಾಗಿತ್ತು.

ಅವರದೇ ಮನೆಯಲ್ಲಿ ನಡೆದ ಮೊದಲ ಆಟದ ಕಥೆಯನ್ನು ಗೈಗ್ಯಾಕ್ಸ್ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. 1972ರಲ್ಲಿ ತಾವು ಬರೆದ ಕೋಟೆಯ ನೆಲಮಾಳಿಗೆಗೆ ಮೊದಲು ಇಳಿಸಿದ್ದು ಮಗ ಅರ್ನಿ ಮತ್ತು ಮಗಳು ಎಲೀಸ್‌ರನ್ನು. ಮಕ್ಕಳು ಕತ್ತಲಲ್ಲಿ ತಡಕಾಡಿ, ಹೊಡೆದಾಡಿ, ಕೊನೆಗೆ ಒಂದು ಪೆಟ್ಟಿಗೆ ಹಿಡಿದರು. ತೆಗೆದರೆ ಬರೀ ತಾಮ್ರದ ಕಾಸು. ಸಾವಿರಾರು. ಹೊರಲು ಆಗದಷ್ಟು ಭಾರ. ಅಪ್ಪ ಕೂತು ಮಕ್ಕಳಿಗೆ ಸಿಕ್ಕಿಸಿದ ಆ ಒಗಟನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಅಷ್ಟೊಂದು ಕಾಸು ಕಣ್ಣೆದುರಿಗೇ ಇದೆ, ತರೋದು ಹೇಗೆ ಅಂತ ಯೋಚಿಸಿ ಅನ್ನುತ್ತದೆ ಆಟ.

ಆ ಮನುಷ್ಯನ ಬದುಕೂ ನಮಗೆ ಹತ್ತಿರವಾಗಿತ್ತು ಅನ್ನೋದೂ ನಿಜ. ಶಿಕಾಗೋದ ವಿಮಾ ಕಂಪನಿಯೊಂದರಲ್ಲಿದ್ದ ಕೆಲಸ 1970ರಲ್ಲಿ ಹೋಯಿತು. ಮನೆಯ ನೆಲಮಾಳಿಗೆಯಲ್ಲಿ ಕೂತು ಜನರ ಚಪ್ಪಲಿ, ಬೂಟು ಹೊಲಿದರು. ಮಕ್ಕಳು ಐದು. ರಾತ್ರಿ ಟೈಪ್‌ರೈಟರ್ ಕುಟ್ಟಿದರು. ಬಾಲ್ಯದ ಗೆಳೆಯ ಡಾನ್ ಕೇ ಜೊತೆ 1973ರಲ್ಲಿ ಟಿಎಸ್‌ಆರ್ ಕಂಪನಿ ಶುರುವಾಯಿತು. ಮುಂದಿನ ವರ್ಷ ಆಟದ ಮೊದಲ 1000 ಪ್ರತಿಗಳು. ಮನೆಯಲ್ಲೇ ಕೂತು ಕೈಯಿಂದ ಡಬ್ಬಿಗೆ ತುಂಬಿದ್ದು. ಬೆಲೆ 10 ಡಾಲರ್. ದುಡ್ಡಿಲ್ಲದ ಮನೆಯಲ್ಲಿ ಕೂತು ಒಬ್ಬ ಇಷ್ಟು ದೊಡ್ಡ ಕನಸು ಕಟ್ಟಿದ ಅನ್ನುವುದು ಹಾಸ್ಟೆಲ್ ಹುಡುಗರಿಗೆ ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನು ಆ ಮೂರು ಪುಟಗಳ ಇನ್ನರ್ಧಕ್ಕೆ ಬರುತ್ತೇನೆ. ಗೈಗ್ಯಾಕ್ಸ್ ಯಾವತ್ತೂ ಕ್ರೂರವಾಗಿ ಯೋಚಿಸಿದವರಲ್ಲ, ಅದೆಲ್ಲ ಸುಮ್ನೆ ಆಟ ಅಂತ ಬರೆದಿದ್ದೆ. ಒಂದೆರಡು ವರ್ಷದ ನಂತರ, ಅವರು ಆಟಗಾರರ ಪ್ರಶ್ನೆಗಳಿಗೆ ಕೊಟ್ಟ ಹಳೆಯ ಉತ್ತರಗಳನ್ನು ಓದುತ್ತಾ ಹೋದೆ. ತುಂಬ ಪ್ರೀತಿಯಿಂದ, ಯಾರನ್ನೂ ಕಡೆಗಣಿಸದೆ ಉತ್ತರ ಕೊಡುತ್ತಿದ್ದರು. ಅವುಗಳ ಮಧ್ಯೆ ಒಂದು ಪ್ರಶ್ನೆ ಇತ್ತು. ಧರ್ಮಕ್ಕೆ ಕಟ್ಟುಬಿದ್ದ ವೀರನೊಬ್ಬ, ಆಟದ ಮಾತಲ್ಲಿ ಪ್ಯಾಲಡಿನ್, ಹೋರಾಡದ ಓರ್ಕ್‌ಗಳನ್ನು ಕೊಲ್ಲಬಹುದೇ? ಸೀರು, ಅಂದರೆ ಹೇನಿನ ಮೊಟ್ಟೆ, ಅದೇ ತಾನೇ ನಾಳೆ ಹೇನಾಗುವುದು ಅನ್ನುವ ಅರ್ಥದ ಹಳೆಯ ಇಂಗ್ಲಿಷ್ ಮಾತನ್ನು ಎತ್ತಿ ಗೈಗ್ಯಾಕ್ಸ್ ಉತ್ತರಿಸಿದ್ದರು. ಕರ್ನಲ್ ಚಿವಿಂಗ್ಟನ್ ಹೆಸರನ್ನೂ ಜೊತೆಗೆ ಹೇಳಿದ್ದರು.

ಯಾರಪ್ಪ ಈ ಚಿವಿಂಗ್ಟನ್ ಅಂತ ಹುಡುಕಿದೆ. 1864ರ ನವೆಂಬರ್ 29. ಕೊಲೊರಾಡೋದ ಸ್ಯಾಂಡ್ ಕ್ರೀಕ್. ಶೈಯೆನ್ ಮತ್ತು ಅರಾಪಾಹೋ ಜನರ ಬಿಡಾರದ ಮೇಲೆ ಈತನ ಸೈನಿಕರು ಬೆಳಗಿನ ಜಾವ ನುಗ್ಗಿದರು. ಬಿಡಾರದಲ್ಲಿ ಅಮೆರಿಕದ ಬಾವುಟ ಹಾರುತ್ತಿತ್ತು, ಬಿಳಿ ಬಾವುಟವನ್ನೂ ಏರಿಸಿದ್ದರು. ಸತ್ತವರು 150ಕ್ಕೂ ಹೆಚ್ಚು. ಬಹುಪಾಲು ಹೆಂಗಸರು, ಮಕ್ಕಳು, ವಯಸ್ಸಾದವರು. ಮಕ್ಕಳನ್ನು ಯಾಕೆ ಕೊಲ್ಲಬೇಕು ಅನ್ನುವುದಕ್ಕೆ ಅಲ್ಲಿ ಸಿಕ್ಕ ಸಮಜಾಯಿಷಿಯೇ ಆ ಸೀರಿನ ಮಾತು.

ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆಟದ ಓರ್ಕ್ ಬೇರೆ, ನಿಜವಾದ ಮನುಷ್ಯರು ಬೇರೆ ಅಂತ ನಾವು ವಾದ ಮಾಡಿದ್ದೆವಲ್ಲ? ಇವೆರಡನ್ನೂ ಒಂದೇ ವಾಕ್ಯದಲ್ಲಿ ತಂದು ಹೆಣೆದವರು ಗೈಗ್ಯಾಕ್ಸ್ ಅವರೇ. ಹೊರಗಿನ ಪತ್ರಕರ್ತ ಅಲ್ಲ.

ಹೆಂಗಸರ ವಿಷಯದಲ್ಲೂ ಅಷ್ಟೇ. ಎಲೀಸ್ ಮೊದಲ ಮೇಜಿನಲ್ಲೇ ಕೂತಿದ್ದಳು. ಆದರೂ 1978ರ ನಿಯಮ ಪುಸ್ತಕದಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಇತ್ತು. ಡ್ರಾಗನ್ ಹಾರಬಹುದು, ಹುಡುಗಿ ಮಾತ್ರ ಅಷ್ಟು ಭಾರ ಎತ್ತುವ ಹಾಗಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಅದಕ್ಕೂ ಮೊದಲು, 1975ರಲ್ಲೇ, ಆಟ ಹೆಂಗಸರನ್ನು ಕಾಣುವ ರೀತಿಯ ಬಗ್ಗೆ ಆಕ್ಷೇಪ ಬಂದಾಗ ಗೈಗ್ಯಾಕ್ಸ್ ಗೇಲಿ ಮಾಡಿ ಉತ್ತರ ಬರೆದಿದ್ದರು. ಗಂಡು ಹೆಣ್ಣಿನ ಮಿದುಳೇ ಬೇರೆ ಅಂತ ಕೊನೆಯ ವರ್ಷಗಳಲ್ಲೂ ಹೇಳಿದರು. ನಮ್ಮ ಬ್ಯಾಂಕ್ ಗೆಳತಿಗೆ ಇದನ್ನೆಲ್ಲ ಒಂದು ಸಲ ಹೇಳಿದೆ. "ಗೊತ್ತು. ಆ ಪುಟ ಬಂದಾಗ ತಿರುವಿ ಹಾಕಿ ಮುಂದೆ ಹೋಗ್ತೀನಿ" ಅಂದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಪುಟ ತಿರುವುತ್ತಿದ್ದೆನೋ, ಪುಸ್ತಕವನ್ನೇ ಮುಚ್ಚುತ್ತಿದ್ದೆನೋ.

2024ರಲ್ಲಿ ಆಟಕ್ಕೆ 50 ತುಂಬಿತು. ಈಗಿನ ಒಡೆಯರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಆಟ ಹುಟ್ಟಿದ ಕಾಲದ ಕಾಗದ, ಕರಡು, ಪತ್ರಗಳನ್ನೆಲ್ಲ ಸೇರಿಸಿ ದಪ್ಪ ಪುಸ್ತಕ ತಂದಿತು. ಅದರ ಮುನ್ನುಡಿಯಲ್ಲಿ, ಈ ಹಳೆಯ ಬರಹದಲ್ಲಿ ಹೆಂಗಸರನ್ನು ಕೀಳಾಗಿ ಕಂಡದ್ದಿದೆ, ಗುಲಾಮಗಿರಿಯನ್ನು ಹಗುರವಾಗಿ ತೆಗೆದುಕೊಂಡದ್ದಿದೆ ಅಂತ ಹೇಳಿದ್ದರು. ಮತ್ತೆ ಬೆಂಕಿ. ನವೆಂಬರ್‌ನಲ್ಲಿ ಈಲಾನ್ ಮಸ್ಕ್ ಕೂಡ ಧುಮುಕಿ, ಗೈಗ್ಯಾಕ್ಸ್‌ರನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ, ಈ ಕಂಪನಿಗಳು ನರಕದಲ್ಲಿ ಸುಡಲಿ ಅಂತ ಬರೆದರು.

ನನಗೆ ಬೇಜಾರಾಗಿದ್ದು ಆ ಗದ್ದಲದಲ್ಲಿ ಪುಸ್ತಕವೇ ಮುಳುಗಿಹೋಯಿತಲ್ಲ ಅಂತ. ಮುನ್ನುಡಿ ದಾಟಿದರೆ ಒಳಗೆ ಇರುವುದೆಲ್ಲ ಪ್ರೀತಿಯ ಕೆಲಸ. ಮುಖ್ಯವಾಗಿ ಅಲ್ಲಿ, ಗೈಗ್ಯಾಕ್ಸ್ ಜೊತೆ ಆಟವನ್ನು ಹುಟ್ಟುಹಾಕಿದ ಡೇವ್ ಆರ್ನೆಸನ್ ಇದ್ದಾರೆ. ಮಿನೆಸೋಟದ ಈ ಹುಡುಗ 1971ರಲ್ಲಿ ತನ್ನ ಗೆಳೆಯರಿಗೆ ತಾನೇ ಕಟ್ಟಿದ 'ಬ್ಲ್ಯಾಕ್‌ಮೂರ್' ಅನ್ನೋ ಆಟ ಆಡಿಸದೇ ಇದ್ದಿದ್ದರೆ ಡಂಜನ್ಸ್ ಅಂಡ್ ಡ್ರಾಗನ್ಸ್ ಹುಟ್ಟುತ್ತಲೇ ಇರಲಿಲ್ಲ. ಮುಂದೆ ಹೆಸರಿಗೂ ಹಣಕ್ಕೂ ಅವರು ಕೋರ್ಟಿಗೆ ಹೋಗಬೇಕಾಯಿತು. 1979ರಲ್ಲಿ ಹಾಕಿದ ಕೇಸು 1981ರಲ್ಲಿ ರಾಜಿಯಾಯಿತು. 2009ರ ಏಪ್ರಿಲ್‌ನಲ್ಲಿ ಅವರೂ ತೀರಿಕೊಂಡರು. ಗೈಗ್ಯಾಕ್ಸ್ ಮೇಲೆ ಒಂದು ಮಾತು ಬಿದ್ದರೆ ಎದ್ದು ನಿಲ್ಲುವ ನಾವು ಆರ್ನೆಸನ್ ಹೆಸರು ಬಿಟ್ಟುಹೋದಾಗ ಎಷ್ಟು ಸಲ ಎದ್ದು ನಿಂತಿದ್ದೇವೆ? ನನ್ನ ಮೂರು ಪುಟಗಳಲ್ಲಿ ಅವರ ಹೆಸರು ಒಂದೇ ಒಂದು ಸಲವೂ ಇಲ್ಲ.

ಯಾಕೆ ನಮಗೆ ಅಷ್ಟು ನೋವಾಗುತ್ತದೆ ಅಂತ ತುಂಬ ಯೋಚಿಸಿದ್ದೇನೆ. ಕಾದಂಬರಿ ಬರೆದವರನ್ನು ಬೈದರೆ ಓದುಗರಿಗೆ ಬೇಸರವಾಗುತ್ತದೆ. ಇಲ್ಲಿ ಆಗುವುದು ಬೇರೆ ಥರ. ಇಲ್ಲಿ ಅವರು ಬರೆದದ್ದು ಕಾಲುಭಾಗ, ಮುಕ್ಕಾಲು ನಾವೇ ತುಂಬಿದ್ದು. ಗುಹೆ ಅವರದು, ಅದರಲ್ಲಿ ನಕ್ಕಿದ್ದು ಅತ್ತಿದ್ದು ನಾವು. ಆ ಆಟದಲ್ಲಿ ಬರೀ ಕೊಲೆ ಅಂತ ಯಾರಾದರೂ ಅಂದಾಗ, ನನ್ನ ಹಾಸ್ಟೆಲ್ ರಾತ್ರಿಗಳನ್ನು, ಆ ನಾಲ್ಕು ಜನರನ್ನು, ಸ್ಟೀಲ್ ಲೋಟವನ್ನು ಕೊಲೆ ಅಂದಂತೆ ಕೇಳಿಸುತ್ತದೆ. ಆ ಕೋಪ ಸುಳ್ಳಲ್ಲ. ಆದರೆ ಅದನ್ನು ನಾವು ಗೈಗ್ಯಾಕ್ಸ್ ಅವರ ಲೆಕ್ಕಕ್ಕೆ ಬರೆದು, ಅವರು ತಪ್ಪೇ ಮಾಡಿಲ್ಲ ಅಂತ ಸಾಧಿಸಲು ಹೊರಡುತ್ತೇವೆ. ಅಲ್ಲಿ ಎಡವುತ್ತೇವೆ.

ಒಂದು ಸಣ್ಣ ಮಾತು, ಸ್ವಲ್ಪ ದಾರಿ ಬಿಟ್ಟು. ಗೈಗ್ಯಾಕ್ಸ್ ಅವರ 1977ರ 'ಮಾನ್‌ಸ್ಟರ್ ಮ್ಯಾನುಯಲ್'ನಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಹೆಸರೇ ರಾಕ್ಷಸ. ಮೊದಲು ಕಂಡದ್ದು ಭಾರತದಲ್ಲಿ ಅಂತ ಬರೆದಿದ್ದಾರೆ. ಡೇವಿಡ್ ಟ್ರಾಂಪಿಯರ್ ಬಿಡಿಸಿದ ಚಿತ್ರದಲ್ಲಿ ಹುಲಿ ತಲೆ, ಮೈಮೇಲೆ ಒಳ್ಳೆಯ ನಿಲುವಂಗಿ, ಕೈಯಲ್ಲಿ ಪೈಪು. ಮಂತ್ರಿಸಿದ ಬಾಣವೊಂದು ತಾಗಿದರೆ ಸಾಯುತ್ತಾನೆ. ನಾನು ಕರಾವಳಿಯವನು. ಅಜ್ಜನ ಹೆಗಲ ಮೇಲೆ ಕೂತು ಬಯಲಾಟ ನೋಡಿದವನು. ನನ್ನ ರಾಕ್ಷಸ ಬರುತ್ತಿದ್ದದ್ದು ನಡುರಾತ್ರಿ, ಸಭೆಯ ಹಿಂದಿನಿಂದ, ದೊಂದಿ ಹಿಡಿದು. ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ. ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟ ಬಣ್ಣದ ವೇಷದ ಮುಖ. ಅವನ ಆರ್ಭಟಕ್ಕೆ ನಿದ್ದೆಯಲ್ಲಿದ್ದ ಮಕ್ಕಳು ಕಿರುಚಿ ಎದ್ದು ಕೂರುತ್ತಿದ್ದವು. ಕೊನೆಗೆ ಅವನೂ ಸಾಯುತ್ತಾನೆ. ಆದರೆ ಸಾಯುವ ಮೊದಲು ಮಾತಾಡುತ್ತಾನೆ. ತನ್ನ ಕಡೆಯ ನ್ಯಾಯ ಏನು, ತನಗೆ ಆದ ಅನ್ಯಾಯ ಏನು ಅಂತ ಅರ್ಥ ಹೇಳುತ್ತಾನೆ. ಒಳ್ಳೆಯ ವೇಷಧಾರಿಯಾದರೆ ಎದುರಿನ ದೇವರು ಉತ್ತರಕ್ಕೆ ತಡಕಾಡಬೇಕು. ಅಜ್ಜ ಅಂಥ ಮಾತಿಗೆ ಕತ್ತಲಲ್ಲೇ ತಲೆದೂಗುತ್ತಿದ್ದರು.

ಪೈಪು ಸೇದುವ ಹುಲಿಯನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಮಾತು ಕೊಟ್ಟಿಲ್ಲವಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು, ಮಾತು ಕೊಡಬೇಕಾದವನು ನಾನೇ ಅಂತ. ಪುಸ್ತಕ ಅವನ ಬಲ ಎಷ್ಟು, ಮಂತ್ರ ಯಾವುದು ಅಂತ ಹೇಳಿ ನಿಲ್ಲುತ್ತದೆ. ಮೇಜಿನ ಮೇಲೆ ಅವನು ಬಾಯಿ ತೆರೆಯುವುದು ಡಂಜನ್ ಮಾಸ್ಟರ್ ಬಾಯಿ ತೆರೆದಾಗ. ನಮ್ಮ ಆಟದಲ್ಲಿ ಅವನು ಒಂದಿಡೀ ಸಂಜೆ ಮಾತಾಡಿದ್ದಾನೆ, ನಮ್ಮೂರಿನ ಧಾಟಿಯಲ್ಲಿ.

ಗೈಗ್ಯಾಕ್ಸ್ ಅಂತ್ಯಕ್ರಿಯೆ ಮುಗಿದ ಮೇಲೆ ಲೇಕ್ ಜಿನೀವಾದಲ್ಲಿ ಜನ ಮನೆಗೆ ಹೋಗಲಿಲ್ಲ. ಒಂದೆಡೆ ಸೇರಿ ದಾಳ ತೆಗೆದು ಆಡಿದರು. ಅದೇ ಮುಂದೆ ಪ್ರತಿ ವರ್ಷ ಅದೇ ಊರಿನಲ್ಲಿ ನಡೆಯುವ 'ಗ್ಯಾರಿ ಕಾನ್' ಅನ್ನೋ ಆಟಗಾರರ ಸಮಾವೇಶ ಆಯಿತು. ಆ ಊರಿಗೆ ಒಂದು ಸಲ ಹೋಗಬೇಕು ಅಂತ ನನಗೆ ತುಂಬ ಆಸೆ. ಹೋದರೆ ಆ ಮೂರು ಪುಟಗಳನ್ನೂ ಒಯ್ಯುತ್ತೇನೆ.

ಗಾಬ್ಲಿನ್ ಮರಿಗಳ ಕಥೆ ಅರ್ಧಕ್ಕೆ ಬಿಟ್ಟೆ. ಅವು ಒಣಗಿದ ಅಣಬೆ ತಿನ್ನುತ್ತವೆ ಅಂತ ನಾನು ಹೇಳಿದೆ. ಗೆಳತಿ ತನ್ನ ಚೀಲದಲ್ಲಿದ್ದ ರೊಟ್ಟಿ ಕೊಟ್ಟಳು. ಪಾತ್ರದ ಹಾಳೆಯಲ್ಲಿ 'ರೊಟ್ಟಿ, 7 ದಿನಕ್ಕೆ' ಅಂತ ಇದ್ದದ್ದನ್ನು ರಬ್ಬರಿನಿಂದ ಅಳಿಸಿದಳು. ದೊಡ್ಡ ಮರಿ ಮೊದಲು ಮೂಸಿ ನೋಡಿತು. ಅದರ ಹೆಸರೇನು ಅಂತ ಅವಳು ಕೇಳಿದಳು. ಪುಸ್ತಕದಲ್ಲಿ ಹೆಸರಿರಲಿಲ್ಲ. ನಾನು ಒಂದು ನಿಮಿಷ ಯೋಚಿಸಿ 'ತುಂಬೆ' ಅಂದೆ. ಅವಳು ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಈಗ ನಾಲ್ಕನೇ ವರ್ಷ. ತುಂಬೆ ನಮ್ಮ ಜೊತೆಗೇ ಇದೆ, ಲಾಟೀನು ಹಿಡಿದು ಮುಂದೆ ನಡೆಯುತ್ತದೆ. ಬರುವ ಭಾನುವಾರ ಅದು ತನ್ನ ಹಳೆಯ ಗುಹೆಗೆ ಹೋಗಿ ನೋಡಬೇಕು ಅಂತ ಕೇಳಿದೆ. ನಾನಿನ್ನೂ ಆ ಗುಹೆಯಲ್ಲಿ ಏನಿದೆ ಅಂತ ಬರೆದಿಲ್ಲ.